ಅಗಲ ಪಾದ, 2,500 ರೂಪಾಯಿ, ಬಳ್ಳಾರಿ ಜಾಲಿ: ಯಾವ ಬೂಟು ತಗೊಳ್ಳೋದು?

ಪ್ರಶ್ನೆ: ನಾನು ಗಂಗಾವತಿ ಕಡಿಯಾಂವ ರೀ. ರಜಾ ಸಿಕ್ಕಾಗೆಲ್ಲಾ ಆನೆಗೊಂದಿ ಗುಡ್ಡ, ದರೋಜಿ ಕಡೆ ಪಕ್ಷಿ ನೋಡಾಕ ಹೋಗ್ತೀನಿ, ರಾತ್ರಿ ಒಮ್ಮೊಮ್ಮೆ ಗದ್ದಿಗೆ ನೀರು ಕಟ್ಟಾಕೂ ಹೋಗಬೇಕು. ಯೂಟ್ಯೂಬ್‌ನಾಗ ಅಮೆರಿಕದವರ ಹಂಟಿಂಗ್ ಬೂಟು ನೋಡಿ ಅಂಥಾವು ಬೇಕು ಅನಿಸೈತಿ, ಆದ್ರ ಬಜೆಟ್ 2,500, ಭಾಳ ಅಂದ್ರ 3,000. ಪಾದ ಅಗಲ ಐತಿ, 8 ನಂಬರ್ ಹಾಕಿದ್ರ ಕಿರುಬೆಟ್ಟು ಒತ್ತತೈತಿ, 9 ಹಾಕಿದ್ರ ಹಿಮ್ಮಡ ಕಳಚಿ ಬರ್ತೈತಿ. ಯಾವ್ದು ತಗೊಳ್ಳಲಿ?

ಉತ್ತರ: ನಿಮ್ಮ ಪ್ರಶ್ನಿಯೊಳಗ ಹಂಟಿಂಗ್ ಬೂಟಿಗಿಂತ ಮುಖ್ಯದ್ದು ಕಡೀಕ ಬರದೀರಲ್ಲ, 8 ಒತ್ತತೈತಿ 9 ಕಳಚತೈತಿ ಅಂತ, ಅದು. ಬಳ್ಳಾರಿಯೊಳಗ ಗಣಿ ಕೆಲಸದವರಿಗೆ, ಪ್ಲಾಂಟ್‌ನವರಿಗೆ ಸೇಫ್ಟಿ ಶೂ ಮಾರೋ ಅಂಗಡಿ ನಂದು, ದಿನಾ ಇದೇ ಮಾತು ಕೇಳ್ತೀನಿ, ಮತ್ತ ಹತ್ತರಾಗ ಎಂಟು ಮಂದಿ ಕೊನೀಗೆ 9 ತಗೊಂಡು ಹೋಗ್ತಾರ, ಒಂದು ತಿಂಗಳಿಗೆ ಹಿಮ್ಮಡದಾಗ ಗುಳ್ಳಿ ಎಬ್ಬಿಸ್ಕೊಂಡು ಬೂಟು ಸರಿ ಇಲ್ಲ ಅಂತ ಬೈತಾರ. ಬೂಟಿಂದೇನೂ ತಪ್ಪಿರಂಗಿಲ್ಲ.

ಲೆಕ್ಕ ಹಿಂಗೈತಿ ನೋಡ್ರಿ. ನಮ್ಮ ಕಡೆ ಡಬ್ಬಿ ಮ್ಯಾಲೆ ಬರೋ ನಂಬರ್ ಯುಕೆ ನಂಬರ್, ಅದರಾಗ ಒಂದು ನಂಬರ್ ಏರಿದ್ರ ಉದ್ದ ಇಂಚಿನ ಮೂರರಾಗ ಒಂದು ಪಾಲು ಅಂದ್ರ ಸುಮಾರು 8.5 ಮಿಲಿಮೀಟರ್ ಹೆಚ್ಚಾಗತೈತಿ, ಆದ್ರ ಅಂಗಾಲಿನ ಅಗಲ ಹೆಚ್ಚಾಗೋದು ಬರೇ 2 ಮಿಲಿಮೀಟರ್ ಆಸುಪಾಸು. ನಿಮಗ ಬೇಕಾಗಿರೋದು ಅಗಲ, ನೀವು ರೊಕ್ಕ ಕೊಟ್ಟು ತಗೊಳ್ಳಾಕತ್ತಿರೋದು ಉದ್ದ. ಹಂಗಾಗಿ 9ರಾಗ ಕಿರುಬೆಟ್ಟಿಗೆ ಒಂಚೂರು ಉಸಿರು ಸಿಗತೈತಿ ಅಷ್ಟ, ಪಾದ ಮಾತ್ರ ಒಳಗ ಮುಂದ ಹಿಂದ ಓಡಾಡತೈತಿ. ಇದು ನಿಮ್ಮೊಬ್ಬರದೇ ಗೋಳಲ್ಲ, ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್ ತನಕ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಪಾದ ಅಳದು ನೋಡಿದ್ರು, ಯುರೋಪು ಅಮೆರಿಕದವರಿಗಿಂತ ನಮ್ಮ ಮಂದಿ ಪಾದ ಅಗಲ ಅಂತ ಅದರಾಗ ಗೊತ್ತಾತು, ‘ಭಾ’ ಅನ್ನೋ ಭಾರತದ್ದೇ ಅಳತಿ ಪದ್ಧತಿ ಬೇಕು ಅನ್ನೋ ಮಾತಿಗೆ ಅದೇ ಆಧಾರ. ಸಣ್ಣವರಿದ್ದಾಗಿಂದ ಚಪ್ಪಲಿ ಹಾಕ್ಕೊಂಡು, ಬರಿಗಾಲಿಲೆ ಗದ್ದಿಯೊಳಗ ಅಡ್ಡಾಡಿ ಬೆಳದ ಪಾದ ಬಿಚ್ಚಿಕೊಂಡಿರತೈತಿ, ಅದನ್ನ ಇಟಲಿ ಮಾದರಿ ಚೂಪು ಮೂತಿ ಬೂಟಿನ್ಯಾಗ ತುರುಕಿದ್ರ ಒತ್ತದ ಏನ್ಮಾಡತೈತಿ.

ಅದಕ ಮೊದಲು ಮನ್ಯಾಗ ಒಂದು ಕೆಲಸ ಮಾಡ್ರಿ. ಸಂಜಿ ಮುಂದ, ದಿನಪೂರ್ತಿ ಅಡ್ಡಾಡಿ ಬಂದ ಮ್ಯಾಲೆ, ಯಾಕಂದ್ರ ಮುಂಜಾನಿಗಿಂತ ಸಂಜಿಗೆ ಪಾದ ಊದಿಕೊಂಡಿರತೈತಿ, ನಮ್ಮ ಬಿಸಲಿಗಂತೂ ಇನ್ನೂ ಜಾಸ್ತಿ. ಒಂದು ಹಾಳಿ ನೆಲಕ್ಕ ಹಾಕಿ ಗ್ವಾಡಿಗೆ ಹಿಮ್ಮಡ ತಾಗಿಸಿ, ಯಾವ ಸಾಕ್ಸ್ ಹಾಕ್ಕೊಂಡು ಗುಡ್ಡ ಹತ್ತತೀರೋ ಅದನ್ನೇ ಹಾಕ್ಕೊಂಡು, ಪೂರ್ತಿ ಭಾರ ಬಿಟ್ಟು ನಿಂದ್ರಿ, ಇನ್ನೊಬ್ಬರ ಕೈಲೆ ಪೆನ್ಸಿಲ್ ನೆಟ್ಟಗ ಹಿಡಿಸಿ ಸುತ್ತ ಗೆರಿ ಎಳಸ್ರಿ. ಕುಂತು ಎಳದ್ರ ಅಳತಿ ಕಡಿಮಿ ಬರ್ತೈತಿ. ಎರಡೂ ಕಾಲು ಎಳೀಬೇಕು, ಒಂದು ದೊಡ್ಡದು ಇದ್ದೇ ಇರತೈತಿ, ದೊಡ್ಡದಕ್ಕ ಬೂಟು. ಹಿಮ್ಮಡದಿಂದ ಉದ್ದನೆ ಬೆರಳಿನ ತನಕ ಸೆಂಟಿಮೀಟರ್‌ನಾಗ ಅಳೀರಿ, ಹೆಬ್ಬೆಟ್ಟಿನ ಗೆಣ್ಣಿಂದ ಕಿರುಬೆಟ್ಟಿನ ಗೆಣ್ಣಿಗೆ ಅಗಲ ಅಳೀರಿ. ಉದ್ದ 26.5 ಆಸುಪಾಸು ಬಂದ್ರ ಯುಕೆ 8, ಅದೇ ಯುರೋಪಿನ 42, ಕಂಪನಿಯಿಂದ ಕಂಪನಿಗೆ ಅರ್ಧ ನಂಬರ್ ಆಕಡೆ ಈಕಡೆ ಆಗತೈತಿ. ಅಗಲ 10.5 ಮೀರಿತಂದ್ರ ನೀವು ‘ವೈಡ್’ ಅಂತ ಬರದಿರೋದು ಇಲ್ಲಾ ದುಂಡು ಮೂತಿದು ಹುಡುಕಬೇಕು, ನಂಬರ್ ಏರಸೋದಲ್ಲ. ಆನ್‌ಲೈನ್‌ನಾಗ ತರಿಸೋದಿದ್ರ ಅಮೆರಿಕದ ನಂಬರ್ ನಮ್ಮದಕ್ಕಿಂತ ಸುಮಾರು ಒಂದು ಹೆಚ್ಚಿರತೈತಿ, ಅವರ 9 ಅಂದ್ರ ನಮ್ಮ 8, ಇದನ್ನ ನೋಡದ ಆರ್ಡರ್ ಹಾಕಿ ವಾಪಸ್ ಕಳಸೋರು ಭಾಳ.

ಈಗ ಹಂಟಿಂಗ್ ಬೂಟಿಗೆ ಬರೋಣ. ನಮ್ಮಲ್ಲಿ ಬೇಟಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಮೊಲ ಹೊಡದ್ರೂ ಕೌಜುಗ ಹೊಡದ್ರೂ ಕೇಸೇ, ಹಬ್ಬದ ಬೇಟಿ ಅಂದ್ರೂ ಬಿಡಂಗಿಲ್ಲ, ಅದು ನಿಮಗೂ ಗೊತ್ತಿರತೈತಿ, ನೀವು ದುರ್ಬೀನು ಹಿಡಿಯೋರು. ಬೂಟಿನ ಮಟ್ಟಿಗೆ ಹೇಳಬೇಕಂದ್ರ ಡ್ಯಾನರ್, ಐರಿಶ್ ಸೆಟ್ಟರ್ ಅಂಥಾ ಅಮೆರಿಕದ ಬ್ರ್ಯಾಂಡಿನ ಬೂಟು ಒಳ್ಳೇವೇ, ಆದ್ರ ಅವನ್ನ ಮಾಡಿದ್ದು ಚಳಿಗಾಲದಾಗ ಜಿಂಕಿ ಕಾಯ್ಕೊಂಡು ಗಂಟೆಗಟ್ಲೆ ಅಲ್ಲಾಡದ ಕುಂದ್ರೋರಿಗೆ. 400 ಗ್ರಾಂ, 800 ಗ್ರಾಂ ಅಂತ ಬರದಿರತಾರಲ್ಲ, ಮಂದಿ ಅದು ಬೂಟಿನ ತೂಕ ಅಂತ ತಿಳ್ಕೊಂಡು ಹಗುರ ಐತಿ ಅಂತಾರ, ಅದು ತೂಕ ಅಲ್ರಿ, ಒಳಗ ಬೆಚ್ಚಗಿರಾಕ ಹಾಕಿರೋ ಥಿನ್ಸುಲೇಟ್ ಪದರದ್ದು, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಏಪ್ರಿಲ್‌ನಾಗ ರಾಯಚೂರು ಬಳ್ಳಾರಿ 40 ಡಿಗ್ರಿ ದಾಟಿರತೈತಿ, ಅಂಥದ್ದರಾಗ ಆ ಬೂಟು ಹಾಕ್ಕೊಂಡು ಬಂಡಿ ಏರಿದ್ರ ಪಾದ ಕುದ್ದು ಹೋಗತೈತಿ. ವಾಟರ್‌ಪ್ರೂಫ್ ಪೊರಿನೂ ಅಷ್ಟ, ಮಲೆನಾಡಿನವರಿಗೆ ಬೇಕು, ನಮಗ ಹೊರಗಿಂದ ನೀರು ಬರೋದಕ್ಕಿಂತ ಒಳಗಿಂದ ಬೆವರು ಹೋಗೋದು ಮುಖ್ಯ, ಇಬ್ಬನಿ ಹುಲ್ಲಿನ್ಯಾಗ ಹಸಿ ಆದ ಬೂಟು ಮುಂಜಾನಿ ಒಂಬತ್ತರ ಹೊತ್ತಿಗೆ ನಡೀತಾ ನಡೀತಾ ಕಾಲಾಗೇ ತಾನಾ ಒಣಗತೈತಿ. ಅಂದ್ರ ಅವರ ಬೂಟಿನ ರೇಟಿನ್ಯಾಗ ಅರ್ಧ ಹೋಗೋದು ನಮಗ ಬೇಡಾದ ಎರಡು ವಸ್ತುಕ್ಕ. ಹರಡು ಮುಚ್ಚೋ ಎತ್ತರ, ಗಟ್ಟಿ ತಳ, ಹಿಮ್ಮಡ ಬಿಗಿಯಾಗಿ ಹಿಡಿಯೋದು, ಈ ಮೂರು ಅವರಿಂದ ಕಲೀರಿ, ಉಳದದ್ದು ಅಲ್ಲೇ ಇರಲಿ.

ತಳದ ಬಗ್ಗೆ ಸ್ವಲ್ಪ ಉದ್ದ ಹೇಳಬೇಕಾಗತೈತಿ, ಯಾಕಂದ್ರ ನಮ್ಮ ಮೂರು ಜಿಲ್ಲಾದಾಗ ನೆಲ ಒಂದೇ ತರ ಇಲ್ಲ. ಆನೆಗೊಂದಿ, ಅಂಜನಾದ್ರಿ ಕಡೆ ದುಂಡು ಗ್ರಾನೈಟ್ ಬಂಡಿ, ಮ್ಯಾಲೆ ಸಣ್ಣ ಗರಸು, ಆ ಗರಸಿನ ಮ್ಯಾಲೆ ಕಾಲಿಟ್ರ ಗುಂಡು ಗಾಲಿ ಮ್ಯಾಲೆ ನಿಂತಂಗ, ಜರ್ ಅಂತ ಜಾರತೈತಿ. ಇಲ್ಲಿ ಬೇಕಾದದ್ದು ಮೆತ್ತನೆ ರಬ್ಬರ್ ತಳ, ಉಗುರಿಲೆ ಒತ್ತಿದ್ರ ಸ್ವಲ್ಪ ತಗ್ಗು ಬಿದ್ದು ಮತ್ತ ಏಳಬೇಕು, ಟಕ್ ಟಕ್ ಅಂತ ಸಪ್ಪಳ ಮಾಡೋ ಬಿರುಸು ಪಿಯು ತಳ (ಪಾಲಿಯುರೆಥೇನ್ ಅನ್ನೋ ಒಂಥರಾ ಪ್ಲಾಸ್ಟಿಕ್) ಬ್ಯಾಡ. ಸಿರುಗುಪ್ಪ ಕಡೆ ಎರಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನೋ ದೊಡ್ಡ ಹಕ್ಕಿ) ನೋಡಾಕ ಎರಿ ಹೊಲಕ್ಕ ಹೋಗೋರಿಗೆ ಬ್ಯಾರೆ ಕಥಿ, ಮಳಿ ಬಂದ ಮರುದಿನ ಎರಿ ಮಣ್ಣು ಆಳ ಗ್ರಿಪ್ಪಿನ ಸಂದಿಯೊಳಗ ಸೇರಿಕೊಂಡು ಒಂದೊಂದು ಕಾಲು ಎರಡೆರಡು ಕೇಜಿ ಆಗತೈತಿ, ಅಲ್ಲಿಗೆ ಗ್ರಿಪ್ಪು ಕಡಿಮಿ ಆಳ, ನಡುವ ಸಂದಿ ಅಗಲ ಇರೋದು ಚಲೋ.

ಮೂರನೇದ್ದು ಮುಳ್ಳು. ಕೆರಿ ಅಂಗಳ, ಕಾಲುವಿ ದಂಡಿ, ಬೀಳು ಹೊಲ ಎಲ್ಲಾ ಕಡೆ ತುಂಬಿರೋ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ, ಹೆಸರು ಮಾತ್ರ ನಮ್ಮ ಊರಿಂದು, ಅದರ ಒಣ ಮುಳ್ಳು ಚಪ್ಪಲಿ ಬಿಡ್ರಿ, ಸ್ಪೋರ್ಟ್ಸ್ ಶೂನ ಇವಿಎ ಅನ್ನೋ ಮೆತ್ತನೆ ಫೋಮ್ ತಳಾನೂ ಸಲೀಸಾಗಿ ತೂರಿ ಅಂಗಾಲಿಗೆ ಬರ್ತೈತಿ. ಇದಕ್ಕ ಉಪಾಯ ಸೇಫ್ಟಿ ಶೂದಾಗ ಐತಿ, ತಳದೊಳಗ ತೆಳ್ಳನೆ ಸ್ಟೀಲ್ ತಗಡು ಹಾಕಿರತಾರ, ಡಬ್ಬಿ ಮ್ಯಾಲೆ ಎಸ್1ಪಿ ಅಥವಾ ಎಸ್3 ಅಂತ ಇದ್ರ ಮೊಳಿ ತಡಿಯೋ ಪದರ ಐತಿ ಅಂತ ಅರ್ಥ, ಎಸ್3 ಆದ್ರ ನೀರು ಬೇಗ ಇಳಿಯದಂಥ ಚರ್ಮ, ಗ್ರಿಪ್ಪಿರೋ ತಳನೂ ಜೊತಿಗೆ. ಈಗ ತಗಡಿನ ಬದಲು ಬಟ್ಟಿ ತರದ ಕೆವ್ಲಾರ್ ಪದರನೂ ಬರಾಕತ್ತಾವ, ಹಗುರ, ಚಲೋ ಬಾಗತಾವ, ಆದ್ರ ಅವನ್ನ ಟೆಸ್ಟ್ ಮಾಡೋದು ಸಾಮಾನ್ಯವಾಗಿ 4.5 ಮಿಲಿಮೀಟರ್ ದಪ್ಪ ಮೊಳಿಯಿಂದ, ಜಾಲಿ ಮುಳ್ಳಿನ ತುದಿ ಸೂಜಿಯಷ್ಟು ಸಣ್ಣ, ಎಳಿ ನಡುವ ದಾರಿ ಮಾಡಿಕೊಂಡು ಒಳಗ ಬರೋ ಸಾಧ್ಯತೆ ಐತಿ. ಜಾಲಿ ಕಂಟಿಯೊಳಗ ಜಾಸ್ತಿ ಅಡ್ಡಾಡೋರಾದ್ರ ನನ್ನ ಮಾತು ಕೇಳಿ ಸ್ಟೀಲ್ ತಗಡಿಂದೇ ತಗೊಳ್ರಿ. ಬಂಡಿ ಹತ್ತೋದೇ ಜಾಸ್ತಿ ಅಂದ್ರ ತಗಡು ಬಿರುಸಾಗಿ ಪಾದ ಬಾಗಂಗಿಲ್ಲ, ದಪ್ಪ ರಬ್ಬರ್ ತಳ ಸಾಕು. ನಿಮಗ ಎರಡೂ ಐತಿ, ಆದ್ರ ಆನೆಗೊಂದಿಯೊಳಗ ಮುಳ್ಳು ಕಮ್ಮಿ ಏನಿಲ್ಲ, ಬಂಡಿ ಬಂಡಿ ನಡುವ ಎಲ್ಲಾ ಕಂಟಿನೇ. ನಾನಾದ್ರ ಗಡಸು ತಡಕೊಂಡು ತಗಡಿಂದು ತಗೊಳ್ತೀನಿ, ಅಂಗಾಲಾಗ ಮುರದ ಮುಳ್ಳು ಕೀವು ಹಿಡದ್ರ ಏನಾಗತೈತಿ ಅಂತ ರೈತರಿಗೆ ಹೇಳಬೇಕಾಗಿಲ್ಲ.

ಹಂಗಂತ ಸ್ಟೀಲ್ ಟೋ ಇರೋದು ಗುಡ್ಡಕ್ಕ ಬ್ಯಾಡ. ಗಣಿಯೊಳಗ ಕಲ್ಲು ಬೀಳತಾವ ಅಂತ ಮೂತಿಗೆ ಸ್ಟೀಲ್ ಟೊಪ್ಪಿಗಿ ಹಾಕಿರತಾರ, 200 ಜೂಲ್ ಹೊಡತ ತಡೀಬೇಕು ಅಂತ ಐಎಸ್ 15298 ಅನ್ನೋ ಭಾರತದ ಸ್ಟ್ಯಾಂಡರ್ಡಿನ ಎರಡನೇ ಭಾಗ ಹೇಳತೈತಿ, ಆದ್ರ ಇಳಿಜಾರಿನ್ಯಾಗ ಇಳಿಯುವಾಗ ಬೆರಳು ಆ ಸ್ಟೀಲಿಗೇ ಬಡೀತಾವ, ಚರ್ಮ ಆದ್ರ ದಿನ ಕಳದಂಗ ಹಿಗ್ಗತೈತಿ, ಸ್ಟೀಲ್ ಹಿಗ್ಗಂಗಿಲ್ಲ, ಅಗಲ ಪಾದದವರಿಗಂತೂ ಅದು ಶಿಕ್ಷೆ. ಅದೇ ಸ್ಟ್ಯಾಂಡರ್ಡಿನ ನಾಲ್ಕನೇ ಭಾಗದ್ದು ಆಕ್ಯುಪೇಶನಲ್ ಶೂ, ಅದಕ್ಕ ಟೋ ಕ್ಯಾಪ್ ಬೇಕಂತಿಲ್ಲ. ತೋರಣಗಲ್ಲು, ಸಂಡೂರು, ಬಳ್ಳಾರಿಯೊಳಗ ಪ್ಲಾಂಟ್ ಸಾಮಾನು ಮಾರೋ ಅಂಗಡಿಗೆ ಹೋಗಿ ‘ಟೋ ಇಲ್ಲದ್ದು, ಹೈ ಆಂಕಲ್, ಒಳಗ ಪ್ಲೇಟ್ ಇರೋದು, ತಳ ನೈಟ್ರೈಲ್ ರಬ್ಬರ್’ ಅಂತ ಕೇಳ್ರಿ. ಮೊದ್ಲ ಇಲ್ಲ ಅಂತಾರ, ಯಾಕಂದ್ರ ಕಂಪನಿ ಆರ್ಡರ್ ಎಲ್ಲಾ ಟೋ ಇರೋವೇ, ಸ್ವಲ್ಪ ಜಗ್ಗಿದ್ರ ತರಿಸಿ ಕೊಡ್ತಾರ. ಟೋ ಇರೋದೇ ಸಿಕ್ತಂದ್ರ ಮೂತಿ ಭಾಳ ಅಗಲ ಐತೇನು ನೋಡ್ರಿ, ಬೆರಳು ಒಳಗ ಆರಾಮಾಗಿ ಆಡ್ತಾವೇನು ನೋಡ್ರಿ, ಆಗಂಗಿಲ್ಲಾಂದ್ರ ಬಿಟ್ಟು ಬರ್ರಿ. ಸೇಫ್ಟಿ ಶೂಗೆ ಇನ್ನೊಂದು ಗುಣ, ಅವುಗಳ ಅಚ್ಚೇ ಅಗಲ ಇರತೈತಿ, ಎಂಟು ತಾಸು ನಿಂತು ಕೆಲಸ ಮಾಡೋರಿಗಂತ ಮಾಡಿದ್ದು, ಹಂಗಾಗಿ ಆಫೀಸ್ ಶೂದಾಗ 8 ಒತ್ತೋ ಕಾಲಿಗೆ ಇದರಾಗ 8 ಸಲೀಸು ಹೋಗೋದನ್ನ ನೋಡಿರತೀನಿ.

ರೇಟು? ಬಟ್ಟಿ ಮತ್ತ ರಬ್ಬರಿನ ಜಂಗಲ್ ಬೂಟು 1,000ದಿಂದ 1,800, ಹಗುರ, ಗಾಳಿ ಆಡತೈತಿ, ಬ್ಯಾಸಿಗಿಗೆ ಭಾಳ ಚಲೋ, ಆದ್ರ ತಳದಾಗ ಮುಳ್ಳಿನ ಪದರ ಇರಂಗಿಲ್ಲ, ಬಟ್ಟಿ ಪಕ್ಕಕ್ಕ ಮುಳ್ಳು ಹೊಗತೈತಿ. ಚರ್ಮದ ಹೈ ಆಂಕಲ್ ಸೇಫ್ಟಿ ಶೂ 1,200ದಿಂದ 2,500. ಆನ್‌ಲೈನ್‌ನ ಮಿಡ್ ಕಟ್ ಟ್ರೆಕಿಂಗ್ ಶೂ 2,500 ಮ್ಯಾಲೆ, ನಡಿಯಾಕ ಎಲ್ಲಕ್ಕಿಂತ ಆರಾಮ, ಮುಳ್ಳಿಗೆ ಸೋಲತಾವ. ಎನ್‌ಸಿಸಿ ಹುಡುಗರು ಹಾಕೋ ಡಿಎಂಎಸ್ ಬೂಟು ವರ್ಷಾನುಗಟ್ಲೆ ಬಾಳಿಕಿ ಬರ್ತೈತಿ, ಆದ್ರ ಭಾರ, ಬಿರುಸು, ಹಿಮ್ಮಡ ಕೊಯ್ಯತೈತಿ, ಪರೇಡಿಗೆ ಸರಿ ಗುಡ್ಡಕ್ಕಲ್ಲ. ಇನ್ನ ‘ಟ್ಯಾಕ್ಟಿಕಲ್ ಕಮಾಂಡೋ ಬೂಟು’ ಅಂತ 1,499ಕ್ಕ ಪಕ್ಕಕ್ಕ ಜಿಪ್ ಹಾಕಿ ಮಾರ್ತಾರಲ್ಲ, ಅದು ಫೋಟೋಕ್ಕಂತ ಮಾಡಿದ್ದು, ರೆಕ್ಸಿನ್ ಮ್ಯಾಲೆ ಬಣ್ಣ, ಮೊದಲ ಮಳಿಗೆ ತಳ ಬಾಯಿ ಬಿಡತೈತಿ. ಹಳೇ ಬೂಟು, ಇನ್ನೊಬ್ಬರು ಹಾಕಿದ್ದು, ಎಷ್ಟೇ ಸೋವಿ ಸಿಕ್ರೂ ತಗೋಬ್ಯಾಡ್ರಿ, ಅವರ ಪಾದದ ಆಕಾರಕ್ಕ ಅದು ಕುಂತಿರತೈತಿ. ಒಂದು ಸಣ್ಣ ಲೆಕ್ಕ ಗೊತ್ತಿರಲಿ, 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿ ತನಕದ ಪಾದರಕ್ಷೆಗೆ ಜಿಎಸ್‌ಟಿ 5 ಪರ್ಸೆಂಟ್, ಅದು ದಾಟಿದ್ರ 18, ಅಂದ್ರ 2,600ದು ತಗೊಳ್ಳೋದಕ್ಕಿಂತ 2,400ದು ತಗೊಂಡು ಉಳದದ್ದು ಸಾಕ್ಸಿಗೆ ಹಾಕೋದು ಜಾಣತನ.

ಅಂಗಡಿಯೊಳಗ ನಾಚಿಕಿ ಬ್ಯಾಡ್ರಿ. ಮೊದ್ಲ ಬೂಟು ತಿರುವಿ ತಳ ನೋಡ್ರಿ, ಭಾಳಷ್ಟು ತಳದಾಗ ಗಡಿಯಾರದಂಗ ಒಂದು ಸಣ್ಣ ವೃತ್ತ ಒತ್ತಿರತಾರ, ಸುತ್ತ 1ರಿಂದ 12ರ ತನಕ ನಂಬರು, ನಡುವ ಬಾಣ, ಬಾಣದ ಎರಡೂ ಬದಿಗೆ ವರ್ಷದ ಒಂದೊಂದು ಅಂಕಿ. ಬಾಣ 7ರ ಕಡೆ ಮಾಡಿ ಬದಿಗೆ 2, 4 ಇದ್ರ ಅದು 2024ರ ಜುಲೈದಾಗ ತಯಾರಾದ ತಳ. ಇದನ್ನ ಯಾಕ ನೋಡಬೇಕಂದ್ರ ಪಿಯು ತಳ ಹಾಕದ ಇಟ್ರೂ ಹಾಳಾಗತೈತಿ, ಗಾಳಿಯ ತೇವಾಂಶ ಒಳಗ ಸೇರಿ ಅದರ ಕೊಂಡಿ ಕಳಚಿ, ಕೆಲವು ವರ್ಷ ಆದ ಮ್ಯಾಲೆ ಒಮ್ಮೆಲೆ ಹಿಟ್ಟು ಹಿಟ್ಟಾಗಿ ಉದುರತೈತಿ, ಸೆಕೆ ಜಾಸ್ತಿ ಇದ್ದಷ್ಟು ಬೇಗ. ‘ಸ್ಟಾಕ್ ಕ್ಲಿಯರೆನ್ಸ್, ಅರ್ಧ ರೇಟ್’ ಅಂತ ಕೊಡೋ ಬೂಟು ಭಾಳ ಸಲ ಇಂಥ ಹಳೇ ಮಾಲೇ. ತಯಾರಾಗಿ ಎರಡು ವರ್ಷ ಮೀರಿದ್ದು ಪಿಯು ಆದ್ರ ನಾನಂತೂ ಕೈಗೆ ಹಿಡಿಯಂಗಿಲ್ಲ, ರಬ್ಬರ್ ಆದ್ರ ಪರವಾಗಿಲ್ಲ.

ಆಮ್ಯಾಲೆ ಒಳಗಿನ ಇನ್‌ಸೋಲ್ ಹೊರಗ ತಗೀರಿ, ನೆಲಕ್ಕ ಹಾಕಿ ಅದರ ಮ್ಯಾಲೆ ನಿಂದ್ರಿ. ಬೆರಳಿನ ಮುಂದ ಒಂದು ಹೆಬ್ಬೆಟ್ಟಿನಷ್ಟು, 10–12 ಮಿಲಿಮೀಟರ್ ಜಾಗ ಉಳೀಬೇಕು, ಪಾದದ ಮಾಂಸ ಪಕ್ಕಕ್ಕ ಅಂಚು ದಾಟಿ ಹೊರಗ ಬಂದ್ರ ಆ ಮಾಡೆಲ್ ನಿಮ್ಮದಲ್ಲ, ಯಾವ ನಂಬರ್ ಆದ್ರೂ ಅಲ್ಲ, ಬ್ಯಾರೆದ್ದು ತಗೀರಿ ಅನ್ರಿ. ಇಷ್ಟು ನೋಡಿದ್ರನ ಅರ್ಧ ಬೂಟು ಕಳದು ಹೋಗತಾವ. ಸರಿ ಅನಿಸಿದ್ದನ್ನ ಎರಡೂ ಕಾಲಿಗೆ ಹಾಕ್ಕೊಂಡು ಲೇಸು ಪೂರ್ತಿ ಕಟ್ಟಿ ಅಂಗಡಿ ಮೆಟ್ಟಲು ಇಳೀರಿ, ಹತ್ತುವಾಗ ಹಿಮ್ಮಡ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಏಳಬಾರದು, ಇಳಿಯುವಾಗ ಬೆರಳು ಮುಂದ ಬಡಿಬಾರದು. ಬಡದ್ರ ‘ಹಾಕ್ಕೊಂಡು ಅಡ್ಡಾಡಿದ್ರ ಬಿಡತೈತಿ ಸರ್’ ಅಂತ ಅಂಗಡಿಯಾಂವ ಹೇಳ್ತಾನ, ನಾವೂ ಹೇಳ್ತೀವಿ, ನಂಬಬ್ಯಾಡ್ರಿ, ಚರ್ಮ ಅಗಲಕ್ಕ ಹಿಗ್ಗತೈತಿ ಉದ್ದಕ್ಕ ಹಿಗ್ಗಂಗಿಲ್ಲ. ಉದ್ದ ಸರಿ ಇದ್ದು ಬರೇ ಕಿರುಬೆಟ್ಟಿನ ಜಾಗಾದಾಗ ಚೂರು ಒತ್ತಿದ್ರ ಮಾತ್ರ ತಗೋಬಹುದು, ಬೂಟು ರಿಪೇರಿ ಮಾಡೋರ ಹತ್ರ ಕಟ್ಟಿಗಿ ಅಚ್ಚು ಇರತೈತಿ, ಒಂದು ರಾತ್ರಿ ಹಾಕಿ ಅಲ್ಲಷ್ಟೇ ಉಬ್ಬಿಸಿ ಕೊಡ್ತಾರ. ಸಿಂಥೆಟಿಕ್‌ಗೆ ಇದು ಆಗಂಗಿಲ್ಲ. ಮನಿಗೆ ತಂದು ಮೊದಲ ಎರಡು ಮೂರು ದಿನ ಮನಿ ಒಳಗ ಮಾತ್ರ ಹಾಕ್ರಿ, ತಳಕ್ಕ ಮಣ್ಣು ಹತ್ತಲಿಲ್ಲಂದ್ರ ಬದಲಿ ಮಾಡಿ ಕೊಡ್ತಾರ, ಬಿಲ್ ಇಟ್ಕೊಳ್ರಿ.

ಲೇಸು ಕಟ್ಟೋದರಾಗನೂ ನಿಮ್ಮ ತೊಂದ್ರಿ ಅರ್ಧ ಹೋಗತೈತಿ. ಕಿರುಬೆಟ್ಟಿನ ಗೆಣ್ಣು ಎಲ್ಲಿ ಬರ್ತೈತಿ ನೋಡಿ, ಅದರ ನೇರಕ್ಕಿರೋ ತೂತಿನಾಗ ಲೇಸು ಅಡ್ಡ ಹಾಯಿಸದ ಪಕ್ಕದ ಅಂಚಿಗುಂಟ ನೆಟ್ಟಗ ಮ್ಯಾಲಕ್ಕ ಒಯ್ರಿ, ಅಲ್ಲಿ ಚರ್ಮ ಬಿಚ್ಚಿಕೊಂಡು ಅಗಲ ಸಿಗತೈತಿ. ಹಿಮ್ಮಡಕ್ಕ ಇನ್ನೊಂದು ಉಪಾಯ, ಮ್ಯಾಲಿನ ಕೊನೇ ಎರಡು ತೂತು ಇದಾವಲ್ಲ, ಅವುಗಳೊಳಗ ಲೇಸು ಅದೇ ಬದಿಗೆ ಹಾಯಿಸಿ ಸಣ್ಣ ಕುಣಿಕಿ ಮಾಡ್ರಿ, ಎಡಗಡಿ ಲೇಸು ಬಲಗಡಿ ಕುಣಿಕಿಯೊಳಗ, ಬಲಗಡಿದು ಎಡಗಡಿ ಕುಣಿಕಿಯೊಳಗ ತೂರಿಸಿ ಕೆಳಗ ಜಗ್ಗಿ ಕಟ್ರಿ. ಹರಡಿನ ಸುತ್ತ ಬೂಟು ಕಚ್ಚಿ ಹಿಡಿಯತೈತಿ, ಹಿಮ್ಮಡ ಏಳಂಗಿಲ್ಲ, ಬೆರಳ ಕಡೆ ಸಡಿಲಾನೇ ಇರತೈತಿ.

ಸಾಕ್ಸು ಹತ್ತಿದು ಬ್ಯಾಡ. ಹತ್ತಿ ಬೆವರು ಕುಡದು ಹಸಿಯಾಗಿ ಹಂಗೇ ಉಳೀತೈತಿ, ಹಸಿ ಚರ್ಮ ತಿಕ್ಕಿದ್ರ ಗುಳ್ಳಿ. ಉಣ್ಣಿ ಮಿಶ್ರ ಇಲ್ಲಾ ಸಿಂಥೆಟಿಕ್ ಸ್ಪೋರ್ಟ್ಸ್ ಸಾಕ್ಸು ಎರಡು ಜೋಡಿ, ಮಧ್ಯಾಹ್ನ ನೆರಳಿಗೆ ಕುಂತಾಗ ಒಂದು ಬಿಚ್ಚಿ ಬ್ಯಾಗಿಗೆ ಕಟ್ಟಿ ಒಣಗಿಸಿ ಇನ್ನೊಂದು ಹಾಕ್ಕೊಳ್ರಿ. ಉಣ್ಣಿ ಅಂದ್ರ ಸೆಕೆ ಅಂತ ಅನ್ಕೋಬ್ಯಾಡ್ರಿ, ತೆಳ್ಳಗಿಂದು ಬ್ಯಾಸಿಗಿಗೂ ನಡೀತೈತಿ. ಪಾದದಾಗ ಎಲ್ಲಾದ್ರೂ ಬಿಸಿಯಾಗಿ ಉರಿಯಾಕತ್ತಿತಂದ್ರ ಗುಳ್ಳಿ ಏಳೋ ಮುಂಚೆ ಅಲ್ಲೇ ನಿಂತು ಮೆಡಿಕಲ್ ಟೇಪ್ ಹಚ್ಚಿಬಿಡ್ರಿ. ಹಸಿ ಆದ ಬೂಟಿಗೆ ಪೇಪರ್ ತುಂಬಿ ನೆರಳಾಗ ಒಣಗಸ್ರಿ, ಬಿಸಲಿಗೆ ಇಲ್ಲಾ ಒಲಿ ಹತ್ರ ಇಟ್ರ ಚರ್ಮ ಸೀಳತೈತಿ, ಏಪ್ರಿಲ್‌ನಾಗ ಬಿಸಲಿಗೆ ನಿಂತ ಕಾರಿನ ಡಿಕ್ಕಿಯೊಳಗ ಬಿಟ್ರಂತೂ ಅಂಟೇ ಮೆತ್ತಗಾಗತೈತಿ.

ಇನ್ನ ರಾತ್ರಿ ಗದ್ದಿ ಕೆಲಸ. ಅದಕ್ಕ ಈ ಬೂಟು ಬಳಸಬ್ಯಾಡ್ರಿ, ಕೆಸರು ನೀರಿಗೆ ಯಾವ ಚರ್ಮನೂ ತಡಿಯಂಗಿಲ್ಲ. ಮೊಣಕಾಲ ಕೆಳಗ ತನಕ ಬರೋ ಗಮ್‌ಬೂಟು 500–800ರೊಳಗ ಸಿಗತೈತಿ, ಅದನ್ನ ಬ್ಯಾರೆನೇ ಇಟ್ಕೊಳ್ರಿ, ಹಾವು ಕಡಿಯೋದು ಭಾಳಷ್ಟು ಪಾದ, ಹರಡು, ಮೀನಗಂಡದ ಕಡೆನೇ, ಹರಡು ಮುಚ್ಚೋ ಬೂಟಿಗಿಂತ ಇದು ಜಾಸ್ತಿ ಕಾಯತೈತಿ. ಹಂಗಂತ ಗಮ್‌ಬೂಟು ಐತಿ ಅಂತ ಕತ್ತಲಾಗ ಹೋಗೋದಲ್ಲ, ಕೊಳಕುಮಂಡಲ ಬದುವಿನ ಮ್ಯಾಲೆ ಸುಮ್ಕ ಸುತ್ತಿಕೊಂಡು ಬಿದ್ದಿರತೈತಿ, ಟಾರ್ಚ್ ಬೇಕೇ ಬೇಕು. ಹಾಕ್ಕೊಳ್ಳೋ ಮುಂಚೆ ಬೂಟು ಬೋರಲು ಹಾಕಿ ಬಡೀರಿ, ಚೇಳಿಗೆ ಬೂಟಿನ ಒಳಗಿನ ಕತ್ತಲು ಅಂದ್ರ ಭಾಳ ಪ್ರೀತಿ. ಅಕಸ್ಮಾತ್ ಹಾವು ಕಡೀತಂದ್ರ ಕಟ್ಟೋದು ಕೊಯ್ಯೋದು ಏನೂ ಮಾಡದ, ಕಾಲು ಅಲ್ಲಾಡಿಸದ ಸರ್ಕಾರಿ ದವಾಖಾನಿಗೆ ಓಡಸ್ರಿ ಗಾಡಿ, ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಇಂಜೆಕ್ಷನ್ ಕೆಲಸ ಮಾಡತೈತಿ.

ಹಂಗಾದ್ರ ನಿಮ್ಮ 3,000ದಾಗ 1,800 ಆಸುಪಾಸು ಟೋ ಇಲ್ಲದ ಹೈ ಆಂಕಲ್ ಚರ್ಮದ ಬೂಟು, ನಂಬರ್ 8, ಅಗಲ ಅಚ್ಚಿಂದು; 500 ಸಾಕ್ಸು ಮತ್ತ ಒಂದು ಚಲೋ ಇನ್‌ಸೋಲ್‌ಗೆ, ಯಾಕಂದ್ರ ಈ ರೇಟಿನ ಬೂಟಿನಾಗ ಕಂಪನಿ ಕೊಡೋ ಇನ್‌ಸೋಲ್ ಹಪ್ಪಳದಷ್ಟೇ ಇರತೈತಿ; ಉಳದದ್ದು ಗಮ್‌ಬೂಟಿಗೆ. ಇನ್‌ಸೋಲ್ ಭಾಳ ದಪ್ಪಂದು ತಗೋಬ್ಯಾಡ್ರಿ, ಪಾದ ಮ್ಯಾಲಕ್ಕೆದ್ದು ಮತ್ತ ಕಿರುಬೆಟ್ಟು ಒತ್ತಾಕ ಶುರು ಆಗತೈತಿ, ಬೂಟು ನೋಡಾಕ ಹೋಗುವಾಗನ ಅದನ್ನ ಮೊದ್ಲ ತಗೊಂಡು ಒಳಗ ಹಾಕಿನೇ ಟ್ರಯಲ್ ಮಾಡ್ರಿ. ಇಷ್ಟು ನೋಡಿದ ಮ್ಯಾಲೂ 8 ಒತ್ತಾಕತ್ತಿತಂದ್ರ ಆ ಹಾಳಿ ಮ್ಯಾಲಿನ ಅಳತಿ ಬರದು ಕಳಸ್ರಿ, ಎರಡೂ ಕಾಲಿಂದು, ಉದ್ದ ಅಗಲ ಎರಡೂ.